ಕೊಟ್ಟಿಗೆಯ ಅವಳಿ ಕರುಗಳು ಮತ್ತು ಭಾವನ ಕಿಡ್ನಿ

ಅಂಗಾಂಗ ಸಾಗಿಸುವ ಆಂಬ್ಯುಲೆನ್ಸ್‌ಗೆ ಪೊಲೀಸರು ರಸ್ತೆ ಖಾಲಿ ಮಾಡಿಸಿಕೊಡುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಸೈರನ್ನು, ಬದಿಯಲ್ಲಿ ಕೈಮುಗಿದು ನಿಂತ ಜನ, ಕೆಳಗೆ ರಾಶಿ ರಾಶಿ ಲೈಕು. ಒಳ್ಳೆಯದೇ. ಆದರೆ ಆ ಕ್ಯಾಮೆರಾಗಳೆಲ್ಲ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತುಬಿಡುತ್ತವೆ. ನಿಜವಾದ ತಕರಾರು ಶುರುವಾಗುವುದು ಅಲ್ಲಿಂದ ಮುಂದೆ, ಮೈಯೊಳಗೆ.

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆಗೆ ಹೊರಟಿದ್ದೇನೆ. ರಸ್ತೆಯ ವರ್ಣನೆ ಬೇಡ, ಉತ್ತರ ಕನ್ನಡ ಜಿಲ್ಲೆಯವರಿಗೆ ಗೊತ್ತೇ ಇದೆ. ಅಕ್ಕನ ಮನೆ ಇರುವುದು ಶಿರಸಿಯಿಂದ ಒಳಗೆ, ಅಡಿಕೆ ತೋಟದ ನಡುವೆ. ಭಾವನಿಗೆ ಕೆಲವು ವರ್ಷಗಳ ಹಿಂದೆ ಕಿಡ್ನಿ ಕಸಿಯಾಗಿದೆ. ಕೊಟ್ಟವರು ಅವರ ಅಕ್ಕ, ನಮಗೆಲ್ಲ ಅತ್ತಿಗೆ. ಇಂಥ ದೊಡ್ಡ ಚಿಕಿತ್ಸೆ ಎಂದರೆ ನಮ್ಮ ಕಡೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಹಳೆಯದು, ಅದಕ್ಕೆ ಬೇರೆಯದೇ ವ್ಲಾಗ್ ಬೇಕಾದೀತು.

ಈಗ ಕಾಣುತ್ತಿರುವುದು ಭಾವನ ಕೈ. ಲೋಟಕ್ಕೆ ಕಷಾಯ ಬಗ್ಗಿಸುತ್ತಿದ್ದಾರೆ, ಪಾತ್ರೆಯ ಅಂಚು ಲೋಟಕ್ಕೆ ತಾಗಿ ಟಕಟಕ ಎನ್ನುತ್ತಿದೆ ನೋಡಿ. ವಯಸ್ಸಿನ ನಡುಕವಲ್ಲ ಅದು, ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಎಂಬ ಮಾತ್ರೆಯದು. ಬೆಳಿಗ್ಗೆ ಎಂಟಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ, ಮದುವೆಮನೆಯಲ್ಲಿರಲಿ, ಬಸ್ಸಿನಲ್ಲಿರಲಿ, ತಪ್ಪಿಸುವಂತಿಲ್ಲ. ಹಿತ್ತಿಲಲ್ಲಿ ಚಕ್ಕೋತದ ಮರ ಹಣ್ಣು ಹೊತ್ತು ನಿಂತಿದೆ, ಭಾವ ಮುಟ್ಟುವುದಿಲ್ಲ. ಈ ಮಾತ್ರೆಯನ್ನು ಕರಗಿಸಿ ಹೊರಹಾಕುವ ಕಿಣ್ವವನ್ನು ಆ ಹಣ್ಣು ತಡೆಯುತ್ತದೆ, ರಕ್ತದಲ್ಲಿ ಔಷಧದ ಮಟ್ಟ ಏರಿಬಿಡುತ್ತದೆ. ಬೂಷ್ಟು ಹಿಡಿದ ಹುಲ್ಲು, ಗೊಬ್ಬರದ ಗುಂಡಿ, ಇವುಗಳ ಹತ್ತಿರವೂ ಸುಳಿಯಬಾರದು. ಶಿಲೀಂಧ್ರದ ಧೂಳು ಬೇರೆಯವರಿಗೆ ಬರೀ ಸೀನು ತರಿಸಿದರೆ ಇವರಿಗೆ ಶ್ವಾಸಕೋಶದ ಸೋಂಕು ತರಬಹುದು. ಕೃಷಿಕನಿಗೆ ಈ ಪಥ್ಯ ಉಪ್ಪು-ಹುಳಿ ಬಿಡುವುದಕ್ಕಿಂತ ಕಷ್ಟ.

ಇಷ್ಟೆಲ್ಲ ಏಕೆ? ಸ್ವಂತ ಅಕ್ಕನ ಕಿಡ್ನಿಯಲ್ಲವೇ?

ನಮ್ಮ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಗುರುತುಗಳಿವೆ. ಆರನೇ ವರ್ಣತಂತುವಿನಲ್ಲಿರುವ ಆ ವಂಶವಾಹಿಗಳ ಅರ್ಧ ಭಾಗ ತಂದೆಯಿಂದ, ಅರ್ಧ ತಾಯಿಯಿಂದ. ಹಾಗಾಗಿ ಒಡಹುಟ್ಟಿದವರಲ್ಲೂ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಅತ್ತಿಗೆಯದು ಅರ್ಧ ಹೊಂದಿತ್ತು. ಉಳಿದರ್ಧವನ್ನು ಭಾವನ ಟಿ ಕೋಶಗಳು, ಅಂದರೆ ರಕ್ತದಲ್ಲಿರುವ ಕಾವಲು ಕೋಶಗಳು, ಪರಕೀಯ ಎಂದೇ ಬಗೆದು ಮೇಲೆ ಬೀಳುತ್ತವೆ.

ಈ ತಿರಸ್ಕಾರವನ್ನು ಮೊದಲು ಕೂಲಂಕಷವಾಗಿ ಗಮನಿಸಿದವರಲ್ಲಿ ಬ್ರಿಟನ್ನಿನ ಜೀವವಿಜ್ಞಾನಿ ಪೀಟರ್ ಮೆಡಾವರ್ ಪ್ರಮುಖರು. ಎರಡನೇ ಮಹಾಯುದ್ಧದ ಕಾಲ, ಗ್ಲಾಸ್ಗೋದ ಆಸ್ಪತ್ರೆ. ಮೈ ಸುಟ್ಟುಕೊಂಡ ಮಹಿಳೆಯೊಬ್ಬಳಿಗೆ ಅವಳ ಸಹೋದರನ ಚರ್ಮದ ತುಣುಕುಗಳನ್ನು ಅಂಟಿಸಿದರು. ಕೆಲವು ದಿನ ನಿಂತು ಉದುರಿದವು. ಅವನದೇ ಚರ್ಮವನ್ನು ಮತ್ತೆ ಅಂಟಿಸಿದಾಗ ಮೊದಲಿಗಿಂತ ಬೇಗ ಉದುರಿದವು. ಅಂದರೆ ದೇಹ ನೆನಪಿಟ್ಟುಕೊಂಡಿತ್ತು. ಇದು ಗಾಯ ಮಾಯುವುದರ ತೊಂದರೆಯಲ್ಲ, ರೋಗನಿರೋಧಕ ವ್ಯವಸ್ಥೆಯ ಕೆಲಸ ಎಂದು ಮೆಡಾವರ್ ಮತ್ತು ಶಸ್ತ್ರಚಿಕಿತ್ಸಕ ಥಾಮಸ್ ಗಿಬ್ಸನ್ 1943ರಲ್ಲಿ ಬರೆದರು.

ಬನ್ನಿ, ಕೊಟ್ಟಿಗೆಗೆ ಹೋಗೋಣ. ಭಾವ ಹೊಸ್ತಿಲಲ್ಲೇ ನಿಂತರು, ಅತ್ತಿಗೆ ಕರೆದುಕೊಂಡು ಹೋದರು. ಜರ್ಸಿ ಮಿಶ್ರತಳಿಯ ಹಸು ಅವಳಿ ಹಾಕಿದೆ, ಒಂದು ಹೋರಿಗರು, ಒಂದು ಹೆಣ್ಣು. ಹೆಣ್ಣುಕರುವಿನ ಕಿವಿಯ ಹಿಂದೆ ತುರಿಸುತ್ತಾ ಅತ್ತಿಗೆ ಹೇಳಿದರು: "ಇದು ಗಬ್ಬ ಕಟ್ಟುವುದಿಲ್ಲ. ಗಂಡಿನ ಜೊತೆ ಹುಟ್ಟಿದ್ದು."

ಹೈನುಗಾರರಿಗೆ ಇದು ಹೊಸ ವಿಷಯವಲ್ಲ. ಗರ್ಭದಲ್ಲಿ ಅವಳಿ ಕರುಗಳ ಮಾಸುಚೀಲದ ರಕ್ತನಾಳಗಳು ಕೂಡಿಕೊಂಡಿರುತ್ತವೆ. ಗಂಡುಕರುವಿನ ಹಾರ್ಮೋನುಗಳು ಹರಿದು ಬಂದು ಬಹುತೇಕ ಹೆಣ್ಣುಕರುಗಳು ಬಂಜೆಯಾಗುತ್ತವೆ. ಆದರೆ ಹಾರ್ಮೋನು ಮಾತ್ರವಲ್ಲ, ರಕ್ತಕಣಗಳನ್ನು ಹುಟ್ಟಿಸುವ ಕೋಶಗಳೂ ಆಚೀಚೆ ಹರಿಯುತ್ತವೆ. 1945ರಲ್ಲಿ ಅಮೆರಿಕದ ವಿಜ್ಞಾನಿ ರೇ ಓವೆನ್ ಅವಳಿ ದನಗಳ ರಕ್ತ ಪರೀಕ್ಷಿಸಿ ಬೆರಗಾದರು. ಒಂದೇ ದನದ ಮೈಯಲ್ಲಿ ಎರಡು ಬಗೆಯ ರಕ್ತ! ದೊಡ್ಡದಾದ ಮೇಲೂ ಜಗಳವಿಲ್ಲದೆ ಎರಡೂ ಜೊತೆಗಿದ್ದವು.

ಮೆಡಾವರ್‌ಗೆ ಇದು ಗೊತ್ತಿರಲಿಲ್ಲ. ತದ್ರೂಪಿ ಅವಳಿ ಕರುಗಳನ್ನು ಉಳಿದ ಅವಳಿಗಳಿಂದ ಬೇರ್ಪಡಿಸುವುದು ಹೇಗೆ ಎಂದು ಯಾರೋ ಕೇಳಿದ್ದಕ್ಕೆ, ಸುಲಭ, ಒಂದರ ಚರ್ಮವನ್ನು ಇನ್ನೊಂದಕ್ಕೆ ಅಂಟಿಸಿ ನೋಡಿ ಎಂದಿದ್ದರು. ನೋಡಿದರೆ ತದ್ರೂಪಿಯಲ್ಲದ ಅವಳಿಗಳೂ, ಗಂಡು-ಹೆಣ್ಣು ಜೋಡಿಗಳೂ ಪರಸ್ಪರ ಚರ್ಮವನ್ನು ಒಪ್ಪಿಕೊಂಡವು. ಓವೆನ್ ಬರೆದದ್ದು ಆಮೇಲೆ ಕಣ್ಣಿಗೆ ಬಿತ್ತು. ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್ ಎಂಬ ಸಹೋದ್ಯೋಗಿಗಳ ಜೊತೆ ಸೇರಿ ಮೆಡಾವರ್, ಗರ್ಭದಲ್ಲಿರುವ ಇಲಿಮರಿಗಳಿಗೆ ಬೇರೆ ತಳಿಯ ಇಲಿಯ ಕೋಶಗಳನ್ನು ಚುಚ್ಚಿದರು. ಅವು ಬೆಳೆದ ಮೇಲೆ ಅದೇ ತಳಿಯ ಚರ್ಮವನ್ನು ತಿರಸ್ಕರಿಸಲಿಲ್ಲ. 1953ರ ಈ ಪ್ರಯೋಗ ಮತ್ತು ಮೆಡಾವರ್ ಪಡೆದ 1960ರ ನೊಬೆಲ್ ಎಲ್ಲ ಪುಸ್ತಕಗಳಲ್ಲೂ ಸಿಗುತ್ತವೆ. ನನಗೆ ಮುಖ್ಯವಾದದ್ದು ಇಷ್ಟು: ಸಹಿಷ್ಣುತೆಯನ್ನು ದೇಹಕ್ಕೆ ಕಲಿಸಲು ಸಾಧ್ಯ.

ಭಾವನ ಮಾತ್ರೆ ಮಾಡುವುದು ಅದನ್ನಲ್ಲ. ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕ ಈ ಔಷಧ, ಟಿ ಕೋಶಗಳು ದಂಡು ಕಟ್ಟಲು ಬೇಕಾದ ಸಂಕೇತವನ್ನು ತಡೆಯುತ್ತದೆ. ಕಾವಲು ನಾಯಿ ನೆಂಟರನ್ನು ಕಚ್ಚುತ್ತದೆಂದು ದಿನವಿಡೀ ಮಂಪರಿನಲ್ಲಿಟ್ಟಂತೆ, ಕಳ್ಳ ಬಂದರೂ ಅದು ಬೊಗಳಲಾರದು. ಸಾಲದ್ದಕ್ಕೆ, ಕಿಡ್ನಿ ಉಳಿಸುವ ಇದೇ ಔಷಧ ದೀರ್ಘಕಾಲದಲ್ಲಿ ಕಿಡ್ನಿಗೇ ಹಾನಿ ಮಾಡಬಲ್ಲದು. ಅದಕ್ಕೇ ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ಅಳೆಯುತ್ತಾರೆ. ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಬೇಕು. ಆ ದಿನ ಭಾವ ಮಾತ್ರೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಲ್ಯಾಬಿನ ಬಾಗಿಲು ತೆರೆಯುವುದನ್ನೇ ಕಾಯುತ್ತಾರೆ. ಬೈದುಕೊಳ್ಳುವುದಿಲ್ಲ. ಡಯಾಲಿಸಿಸ್ ಕಂಡವರು ಈ ಮಾತ್ರೆಗೆ ಬೈಯುವುದು ಕಡಿಮೆ.

2025ರ ವೈದ್ಯಕೀಯ ನೊಬೆಲ್ ಪಡೆದ ಶಿಮೊನ್ ಸಕಾಗುಚಿ, ಮೇರಿ ಬ್ರಂಕೋವ್, ಫ್ರೆಡ್ ರಾಮ್ಸ್‌ಡೆಲ್ ಅವರ ಕೆಲಸವೂ ಇಲ್ಲಿಗೇ ಸೇರುತ್ತದೆ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ, ನಮ್ಮದೇ ದೇಹದ ಮೇಲೆ ಬೀಳುವ ಟಿ ಕೋಶಗಳನ್ನು ಬಲಿಯುವ ಹಂತದಲ್ಲೇ ತೆಗೆದುಹಾಕುತ್ತದೆ. ಆದರೂ ಕೆಲವು ತಪ್ಪಿಸಿಕೊಳ್ಳುತ್ತವೆ. ಅವುಗಳಿಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳನ್ನು 1995ರಲ್ಲಿ ಸಕಾಗುಚಿ ಗುರುತಿಸಿದರು. ಉಳಿದಿಬ್ಬರು 2001ರಲ್ಲಿ ಫಾಕ್ಸ್‌ಪಿ3 ಎಂಬ ವಂಶವಾಹಿಯನ್ನು ಪತ್ತೆಹಚ್ಚಿದರು. ಅದು ಕೆಟ್ಟರೆ ಆ ಕೋಶಗಳೂ ಕೆಡುತ್ತವೆ, ದೇಹ ತನ್ನ ಮೇಲೆ ತಾನೇ ತಿರುಗಿಬೀಳುತ್ತದೆ. ರೋಗಿಯ ಇಂಥ ಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಮರಳಿ ಕೊಟ್ಟು ಮಾತ್ರೆ ಕಡಿಮೆ ಮಾಡಬಹುದೇ ಎಂಬ ಪರೀಕ್ಷೆಗಳು ನಡೆದಿವೆ.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ದಾರಿ. ಅದು ಸೀದಾ ಕೊಟ್ಟಿಗೆಯಿಂದಲೇ ಬಂದದ್ದು. ಬಾಸ್ಟನ್ನಿನ ವೈದ್ಯರು ಐವರು ರೋಗಿಗಳಿಗೆ ಕಿಡ್ನಿಯ ಜೊತೆಗೆ ರಕ್ತಕೋಶಗಳು ಹುಟ್ಟುವ ಅಸ್ಥಿಮಜ್ಜೆಯನ್ನೂ ಅದೇ ದಾನಿಯಿಂದ ಪಡೆದು ಕೊಟ್ಟರು. ಅವಳಿ ಕರುಗಳಂತೆ ಕೆಲಕಾಲ ಅವರ ಮೈಯಲ್ಲಿ ಎರಡು ಮೂಲದ ರಕ್ತಕೋಶಗಳು ಬೆರೆತು ಹರಿದವು. ನಾಲ್ವರಿಗೆ ಮಾತ್ರೆಯನ್ನೇ ನಿಲ್ಲಿಸಲು ಸಾಧ್ಯವಾಯಿತು ಎಂದು 2008ರಲ್ಲಿ ವರದಿ ಮಾಡಿದರು. ಐದನೆಯವರ ಕಿಡ್ನಿ ಉಳಿಯಲಿಲ್ಲ, ಅದನ್ನೂ ಹೇಳಬೇಕು. ಹೊಸ ಮಜ್ಜೆಗೆ ಜಾಗ ಮಾಡಲು ಕೊಡುವ ಚಿಕಿತ್ಸೆ ಕಠಿಣ. ಮನೆಮನೆಗೆ ಬರುವ ಮದ್ದಲ್ಲ ಇದು, ಸದ್ಯಕ್ಕಂತೂ ಅಲ್ಲ.

ಜಗುಲಿಯಲ್ಲಿ ಕುಳಿತು ಇದನ್ನೆಲ್ಲ ಹೇಳಿದಾಗ ಭಾವ ಒಂದೇ ಪ್ರಶ್ನೆ ಕೇಳಿದರು: "ಆ ಮಜ್ಜೆಯನ್ನು ಕೊಡಬೇಕಾದವರು ಯಾರು?"

ಕಿಡ್ನಿ ಕೊಟ್ಟವರೇ ಎಂದೆ.

ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅತ್ತಿಗೆ ತಲೆಯೆತ್ತದೆ ಹೇಳಿದರು: "ಅವತ್ತೇ ಕೇಳಿದ್ದರೆ ಅದನ್ನೂ ಕೊಡುತ್ತಿದ್ದೆ. ಈಗ ಕೊನೆಕೊಯ್ಲು ಮುಗಿಯುವವರೆಗೆ ಯಾರೂ ಏನೂ ಕೇಳಬೇಡಿ."