ಹತ್ತು ಗುಂಡು, ಒಂದು ಸೆಕೆಂಡ್: ವಿಯೆಟ್ನಾಮಿನ ಕೂ ಚಿಯಲ್ಲಿ ಎಕೆ-47 ಹಾರಿಸುವ ಮೊದಲು

[ಕಪ್ಪು ಪರದೆ. ದೂರದಲ್ಲಿ ಒಂದು ಈಡಿನ ಸದ್ದು. ಸ್ವಲ್ಪ ಹೊತ್ತು ಬರೀ ಜೀರುಂಡೆ. ಮತ್ತೊಂದು ಈಡು.]

ಕೇಳಿಸಿತಾ? ಇದನ್ನು ನಾನು ಶೂಟಿಂಗ್ ರೇಂಜ್ ಒಳಗೆ ನಿಂತು ರೆಕಾರ್ಡ್ ಮಾಡಿದ್ದಲ್ಲ. ರೇಂಜ್ ಇನ್ನೂ ಎಷ್ಟೋ ದೂರ ಇತ್ತು. ನಮ್ಮ ಗೈಡ್ ಕಾಡಿನ ದಾರಿಯಲ್ಲಿ ಬಗ್ಗಿ, ತರಗೆಲೆ ಸರಿಸಿ, ನೆಲದಲ್ಲಿದ್ದ ಒಂದು ಪುಟ್ಟ ಮರದ ಮುಚ್ಚಳ ತೋರಿಸುತ್ತಿದ್ದರು, ಅಷ್ಟರಲ್ಲಿ ಆ ಸದ್ದು ಬಂತು. ಗುಂಪಿನಲ್ಲಿದ್ದ ಅರ್ಧ ಜನ ಬೆಚ್ಚಿಬಿದ್ದರು. ಗೈಡ್ ಮಾತ್ರ ತಲೆ ಎತ್ತಲಿಲ್ಲ. ಅವರಿಗೆ ಅದು ದಿನಾ ಕೇಳುವ ಸದ್ದು.

[ಶೀರ್ಷಿಕೆ. ನಂತರ ಕ್ಯಾಮೆರಾ ಮುಂದೆ.]

ನಮಸ್ಕಾರ. ನಾವಿರುವುದು ಕೂ ಚಿಯಲ್ಲಿ. ಹೋ ಚಿ ಮಿನ್ ನಗರದಿಂದ ವಾಯವ್ಯಕ್ಕೆ, ಬಸ್ಸಿನಲ್ಲಿ ಒಂದೂವರೆ ಎರಡು ಗಂಟೆ ದಾರಿ. ವಿಯೆಟ್ನಾಂ ಯುದ್ಧದಲ್ಲಿ ವಿಯೆಟ್ ಕಾಂಗ್ ಗೆರಿಲ್ಲಾಗಳು ಅಡಗಿ ಕೂತು ಅಮೆರಿಕನ್ನರ ಜೊತೆ ಹೋರಾಡಿದ ಸುರಂಗಗಳಿಗೆ ಹೆಸರಾದ ಜಾಗ. ವಿಯೆಟ್ನಾಂ ಟೂರ್ ಹೋದ ನಮ್ಮವರ ಫೋಟೊಗಳಲ್ಲಿ ಒಂದಾದರೂ ಇಲ್ಲಿಯದು ಇರುತ್ತದೆ, ಅಲ್ವಾ? ನೆಲದೊಳಗಿಂದ ತಲೆ ಹೊರಗೆ ಹಾಕಿ, ಎರಡೂ ಕೈಯಲ್ಲಿ ಮುಚ್ಚಳ ಎತ್ತಿ ಹಿಡಿದ ಫೋಟೊ. ಆ ಟೂರಿನ ಮಧ್ಯದಲ್ಲೇ ಒಂದು ಕ್ಯಾಂಟೀನ್, ಒಂದಷ್ಟು ಅಂಗಡಿ, ಪಕ್ಕದಲ್ಲಿ ಶೂಟಿಂಗ್ ರೇಂಜ್. ದುಡ್ಡು ಕೊಟ್ಟರೆ ಎಕೆ-47, ಎಂ16, ಎಂ60 ಮೆಷಿನ್ ಗನ್, ಎರಡನೇ ಮಹಾಯುದ್ಧದ ಎಂ1 ಗ್ಯಾರಂಡ್, ಹೀಗೆ ಯಾವುದು ಬೇಕೋ ಅದು. ನಿಜವಾದ ಗುಂಡು.

ಕಾಮೆಂಟ್‌ನಲ್ಲಿ ಮತ್ತೆ ಮತ್ತೆ ಕೇಳಿದ್ದೀರಿ, ಹೋಗಬಹುದಾ, ಎಷ್ಟಾಗುತ್ತೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ. ಇವತ್ತು ಅದೇ ವಿಷಯ. ನನ್ನ ಜೊತೆ ಮಡಿಕೇರಿ ಕಡೆಯ ಗೆಳೆಯನೊಬ್ಬ ಬಂದಿದ್ದ. ಅವನ ಮಾತು ಮುಂದೆ ಬರುತ್ತದೆ, ಯಾಕಂದ್ರೆ ಕೋವಿ ವಿಷಯದಲ್ಲಿ ನನಗಿಂತ ಅವನಿಗೆ ಜಾಸ್ತಿ ಗೊತ್ತು.

[ದೃಶ್ಯ: ಕೌಂಟರ್, ಬೆಲೆಯ ಬೋರ್ಡು.]

ಮೊದಲು ದುಡ್ಡಿನ ಮಾತು. ಇಲ್ಲಿ ಗಂಟೆಗೆ ಇಷ್ಟು ಅಂತಿಲ್ಲ, ಗುಂಡಿಗೆ ಇಷ್ಟು. ಒಂದು ಕೋವಿಗೆ ಕನಿಷ್ಠ 10 ಗುಂಡು ಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ ಹತ್ತಕ್ಕೆ 2,000 ರೂಪಾಯಿ ಆಸುಪಾಸು ಅಂದುಕೊಳ್ಳಿ. ಬೆಲೆ ಬದಲಾಗುತ್ತಿರುತ್ತದೆ, ಬೋರ್ಡ್ ನೋಡಿ. ಟೂರ್ ಟಿಕೆಟ್‌ನಲ್ಲಿ ಇದು ಸೇರಿರುವುದಿಲ್ಲ. ಆದರೆ ಆ ಹತ್ತನ್ನು ಹಂಚಿಕೊಳ್ಳಬಹುದು. ಇಬ್ಬರಿದ್ದರೆ ಐದೈದು. ನನ್ನನ್ನು ಕೇಳಿದರೆ ಐದು ಸಾಕು. ಮೂರನೇ ಗುಂಡಿಗೇ ನಿಮಗೆ ತಿಳಿಯಬೇಕಾದ್ದು ತಿಳಿದುಬಿಡುತ್ತದೆ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಎಕೆ-47 ಆಟೊಮ್ಯಾಟಿಕ್‌ನಲ್ಲಿ ನಿಮಿಷಕ್ಕೆ ಸುಮಾರು 600 ಗುಂಡಿನ ವೇಗದಲ್ಲಿ ಹಾರುತ್ತದೆ. ಸೆಕೆಂಡಿಗೆ ಹತ್ತು. ಅಂದರೆ ಆಟೊಮ್ಯಾಟಿಕ್‌ಗೆ ಹಾಕಿಸಿಕೊಂಡು ಬೆರಳು ಒತ್ತಿ ಹಿಡಿದರೆ ನಿಮ್ಮ 2,000 ರೂಪಾಯಿ ಒಂದು ಸೆಕೆಂಡಿನಲ್ಲಿ ಖಾಲಿ. ಏನಾಯಿತು ಅಂತ ಗೊತ್ತಾಗುವ ಮುಂಚೆ ಮುಗಿದಿರುತ್ತದೆ. ಒಂದೊಂದೇ ಹಾರಿಸಿ.

[ದೃಶ್ಯ: ರೇಂಜ್. ಕಟ್ಟೆಯ ಮೇಲೆ ಸಾಲಾಗಿ ಕೋವಿಗಳು.]

ಗುಂಡು ಕೊಂಡ ಮೇಲೆ ಕಿವಿಗೆ ಮಫ್ ಕೊಡುತ್ತಾರೆ. ಮೆಟ್ಟಿಲಿಳಿದು ಕೆಳಗೆ ಹೋದರೆ ಉದ್ದಕ್ಕೆ ಒಂದು ಕಟ್ಟೆ, ಅದರ ಮೇಲೆ ಕೋವಿಗಳು. ಹಸಿರು ಸಮವಸ್ತ್ರದ ಸಿಬ್ಬಂದಿ ಪಕ್ಕದಲ್ಲೇ ನಿಂತಿರುತ್ತಾರೆ. ಗುಂಡು ತುಂಬುವುದು ಅವರೇ. ಹೇಗೆ ನಿಲ್ಲಬೇಕು, ಎಲ್ಲಿ ಕೈ ಇಡಬೇಕು ಅಂತ ಸನ್ನೆಯಲ್ಲೇ ತೋರಿಸುತ್ತಾರೆ, ಭಾಷೆ ಬರದಿದ್ದರೂ ನಡೆಯುತ್ತದೆ.

ಒಂದು ಮುಖ್ಯ ವಿಷಯ. ಈ ಕೋವಿಗಳನ್ನು ಕಟ್ಟೆಯ ಮೇಲಿನ ಸ್ಟ್ಯಾಂಡಿಗೆ ಬಿಗಿದಿರುತ್ತಾರೆ. ನೀವು ಎತ್ತಿಕೊಳ್ಳುವ ಹಾಗಿಲ್ಲ, ನಳಿಗೆ ಹಿಂದಕ್ಕೆ ತಿರುಗುವುದಿಲ್ಲ. ಅದನ್ನು ನೋಡಿದ ತಕ್ಷಣ ನನ್ನ ಗೆಳೆಯ ನಕ್ಕುಬಿಟ್ಟ. "ಗೂಟಕ್ಕೆ ಕಟ್ಟಿದ ಕೋವಿ ಮಾರಾಯ! ಇದರಲ್ಲಿ ಹೊಡೆಯೋದು ಏನಿದೆ?" ಅಂದ.

ಅವನು ನಗುವುದಕ್ಕೆ ಕಾರಣ ಇದೆ. ಕೊಡಗಿನಲ್ಲಿ ಕೋವಿ, ಅವರ ಮಾತಿನಲ್ಲಿ ತೋಕ್, ಮನೆಯ ಸಾಮಾನು. ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು, ಸಾವಾದರೆ ಎರಡು. ಸದ್ದು ಎಷ್ಟು ಸಲ ಬಂತು ಅಂತ ಎಣಿಸಿದರೆ ಊರಿಗೆ ಸುದ್ದಿ ತಿಳಿಯುತ್ತದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕೊಡವರಿಗೆ ಮತ್ತು ಜಮ್ಮಾ ಅನ್ನುವ ಕೊಡಗಿನ ಪಾರಂಪರಿಕ ಜಮೀನಿನ ಹಿಡುವಳಿದಾರರಿಗೆ ಕೆಲವು ಬಗೆಯ ಕೋವಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅಂಥ ಊರಿನವನಿಗೆ ಕೋವಿ ಅಂದರೆ ಅದರ ಭಾರವನ್ನು ತೋಳಿನಲ್ಲಿ ಹೊತ್ತು, ಉಸಿರು ಹಿಡಿದು, ಭುಜಕ್ಕೆ ಒದೆ ತಿನ್ನುವುದು. ಇಲ್ಲಿ ಆ ಒದೆಯನ್ನು ಬಹುಪಾಲು ಸ್ಟ್ಯಾಂಡೇ ತಿನ್ನುತ್ತದೆ.

ಅವನ ಮಾತು ಸರಿ. ಇಲ್ಲಿಗೆ ಬಂದು ಗುರಿ ಹೊಡೆಯುವುದನ್ನು ಕಲಿತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೂ ಬಿಗಿದು ಇಟ್ಟಿರುವುದೇ ಒಳ್ಳೆಯದು ಅಂತ ನಾನು ಹೇಳುತ್ತೇನೆ.

[ಅಕ್ಷರ: ಅರಿಜೋನಾ, 2014]

2014ರ ಆಗಸ್ಟ್. ಅಮೆರಿಕದ ಅರಿಜೋನಾದಲ್ಲಿ, ಲಾಸ್ ವೇಗಸ್ ನೋಡಲು ಬಂದವರು ಹೋಗುವಂಥ ಒಂದು ರೇಂಜ್. ಒಂಬತ್ತು ವರ್ಷದ ಹುಡುಗಿಯ ಕೈಗೆ ಊಜಿ ಅನ್ನುವ ಸಣ್ಣ ಮೆಷಿನ್ ಗನ್ ಕೊಟ್ಟರು. ಮೊದಲು ಒಂದೇ ಒಂದು ಗುಂಡು ಹಾರಿಸಿದಳು, ಚೆನ್ನಾಗಿಯೇ ಹಾರಿಸಿದಳು. ಆಮೇಲೆ ಕಲಿಸುವವರು ಅದನ್ನು ಆಟೊಮ್ಯಾಟಿಕ್‌ಗೆ ಹಾಕಿದರು. ಪ್ರತಿ ಗುಂಡಿಗೂ ನಳಿಗೆ ಸ್ವಲ್ಪ ಸ್ವಲ್ಪ ಮೇಲಕ್ಕೆ ಏಳುತ್ತದೆ, ಸೆಕೆಂಡಿಗೆ ಹತ್ತು ಸಲ ಹಾಗಾದರೆ ಚಿಕ್ಕ ಕೈಗಳಿಗೆ ಹಿಡಿಯಲು ಆಗುವುದಿಲ್ಲ. ಕೋವಿ ಅವಳ ಹಿಡಿತ ತಪ್ಪಿತು. ಪಕ್ಕದಲ್ಲಿ ನಿಂತಿದ್ದ ಆ ಕಲಿಸುವವರೇ ತೀರಿಹೋದರು.

ಅದಕ್ಕೇ ಮಕ್ಕಳ ಪ್ರಶ್ನೆಗೆ ನನ್ನ ಉತ್ತರ ಬೇಡ ಅಂತಲೇ. ರೇಂಜಿನವರು ಪರವಾಗಿಲ್ಲ ಅಂದರೂ ಬೇಡ. ದೊಡ್ಡವರೂ ಬೇರೆ ದೇಶದಲ್ಲಿ, ಕೋವಿಯನ್ನು ಕೈಗೇ ಕೊಡುವ ರೇಂಜಿಗೆ ಹೋದರೆ, ಮೊದಲ ಸಲಕ್ಕೆ ಆಟೊಮ್ಯಾಟಿಕ್ ಮುಟ್ಟಬೇಡಿ. ಕೋವಿಯಲ್ಲಿ ಗುಂಡು ಇದ್ದೇ ಇದೆ ಅಂದುಕೊಳ್ಳಿ, ಖಾಲಿ ಅಂತ ಯಾರು ಹೇಳಿದರೂ ಸರಿ. ಗುರಿ ನೋಡುವ ತನಕ ಬೆರಳು ಟ್ರಿಗರ್‌ನಿಂದ ಹೊರಗೆ. ಮತ್ತೆ ಇದೊಂದನ್ನು ಯಾರೂ ಹೇಳುವುದಿಲ್ಲ: ಕತ್ತು ಮುಚ್ಚುವ ಅಂಗಿ, ಕಾಲು ಮುಚ್ಚುವ ಶೂ ಹಾಕಿಕೊಂಡು ಹೋಗಿ. ಗುಂಡು ಹಾರಿದ ಮೇಲೆ ಖಾಲಿ ತೋಟಾ ಪಕ್ಕಕ್ಕೆ ಸಿಡಿಯುತ್ತದೆ. ಕಾದ ಹಿತ್ತಾಳೆಯೋ ಉಕ್ಕೋ ಕಾಲರ್ ಒಳಗೆ ಬಿದ್ದರೆ ಮನುಷ್ಯ ಕೋವಿ ಹಿಡಿದುಕೊಂಡೇ ಕುಣಿಯುತ್ತಾನೆ. ಆಗ ಅದರ ಬಾಯಿ ಯಾರ ಕಡೆ ಇರುತ್ತದೋ ಹೇಳಲಾಗದು.

[ದೃಶ್ಯ: ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಸೌಂಡ್ ಟ್ರ್ಯಾಕ್. ಮೀಟರ್ ಕೆಂಪಗಾಗುತ್ತದೆ.]

ಈಗ ಸದ್ದಿನ ವಿಷಯ. ನಾನು ಈ ವಿಡಿಯೋ ಮಾಡಿದ್ದೇ ಇದಕ್ಕೆ.

ಇದು ನನ್ನ ಫೋನಿನಲ್ಲಿ ರೇಂಜ್ ಒಳಗೆ ರೆಕಾರ್ಡ್ ಆದ ಸದ್ದು. ನೋಡಿ, ಗೆರೆಯ ತುದಿ ಚಪ್ಪಟೆ ಆಗಿದೆ, ಯಾರೋ ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಫೋನಿನ ಮೈಕ್‌ಗೆ ಅಷ್ಟು ಸದ್ದು ಹಿಡಿಯಲು ಆಗಲಿಲ್ಲ, ಅದು ಕೈಚೆಲ್ಲಿತು. ಹಾಗಾಗಿ ನೀವು ಇಂಟರ್ನೆಟ್‌ನಲ್ಲಿ ನೋಡಿದ ಎಲ್ಲ ಶೂಟಿಂಗ್ ರೇಂಜ್ ವಿಡಿಯೋಗಳೂ, ಇದೂ ಸೇರಿ, ಸದ್ದಿನ ವಿಷಯದಲ್ಲಿ ಸುಳ್ಳು ಹೇಳುತ್ತವೆ. ಸಿನಿಮಾವಂತೂ ಕೇಳಲೇಬೇಡಿ. ಅಲ್ಲಿ ಹೀರೊ ರೂಮಿನೊಳಗೆ ಇಪ್ಪತ್ತು ಗುಂಡು ಹೊಡೆದು ಆಮೇಲೆ ಪಿಸುಮಾತಿನಲ್ಲಿ ಡೈಲಾಗ್ ಹೇಳುತ್ತಾನೆ. ನಿಜವಾಗಿ ಹಾಗೆ ಹೊಡೆದಿದ್ದರೆ ಅವನ ಮಾತು ಅವನಿಗೇ ಕೇಳಿಸುತ್ತಿರಲಿಲ್ಲ.

ನಮ್ಮ ದೇಶದಲ್ಲಿ ದೀಪಾವಳಿ ಪಟಾಕಿಗೆ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಅಂತ ಒಂದು ಮಿತಿ ಇದೆ. ಇಂಥ ರೈಫಲ್ ಹೊಡೆಯುವವರ ಕಿವಿಯ ಹತ್ತಿರ 150 ಡೆಸಿಬೆಲ್ ದಾಟುತ್ತದೆ. 125ಕ್ಕೂ 150ಕ್ಕೂ ಇಪ್ಪತ್ತೈದೇ ತಾನೇ ವ್ಯತ್ಯಾಸ ಅನ್ನಬೇಡಿ. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಹೆಚ್ಚಾದರೆ ನೂರು ಪಟ್ಟು. 140 ದಾಟಿದ ಇಂಥ ಸದ್ದು ಒಂದೇ ಏಟಿಗೆ ಕಿವಿಯನ್ನು ಕಾಯಂ ಆಗಿ ಕೆಡಿಸಬಹುದು. ಒಂದು ಈಡಿನಲ್ಲಿ ಎರಡು ಸದ್ದು ಸೇರಿರುತ್ತವೆ. ಒಂದು ಮದ್ದು ಸಿಡಿದದ್ದು. ಇನ್ನೊಂದು ಗುಂಡಿನದೇ ಸದ್ದು: ಎಕೆ-47ರ ಗುಂಡು ಸೆಕೆಂಡಿಗೆ ಸುಮಾರು 715 ಮೀಟರ್ ಹೋಗುತ್ತದೆ, ಅಂದರೆ ಶಬ್ದದ ಎರಡು ಪಟ್ಟು ವೇಗದಲ್ಲಿ, ದಾರಿಯುದ್ದಕ್ಕೂ ಗಾಳಿಯನ್ನು ಸೀಳಿಕೊಂಡು. ಕಿವಿ ಮುಚ್ಚಿದ್ದರೂ ಎದೆಗೆ ತಟ್ಟುತ್ತದೆ. ಮೊದಲ ಈಡಿಗೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು, ಗುರಿ ಎಲ್ಲಿತ್ತೋ, ಗುಂಡು ಎಲ್ಲಿಗೆ ಹೋಯಿತೋ.

ಅದಕ್ಕೆ ಫಾರ್ಮಸಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಮನೆಯಿಂದಲೇ ತೆಗೆದುಕೊಂಡು ಹೋಗಿ. ಅದನ್ನು ಕಿವಿಗೆ ತುರುಕಿಕೊಂಡು ಮೇಲೆ ಅವರ ಮಫ್ ಹಾಕಿ. ಕನ್ನಡಕದವರಿಗೆ ಇದು ಇನ್ನೂ ಮುಖ್ಯ, ಯಾಕಂದ್ರೆ ಕನ್ನಡಕದ ಕಡ್ಡಿ ಮಫ್ ಅಡಿಯಲ್ಲಿ ಸಂದು ಬಿಡುತ್ತದೆ, ಸದ್ದು ಅಲ್ಲಿಂದಲೇ ನುಗ್ಗುತ್ತದೆ. ಫೋಟೊ ತೆಗೆಯಲು ಜೊತೆಗೆ ಬಂದವರೂ ಮಫ್ ಹಾಕಿಕೊಂಡೇ ನಿಲ್ಲಲಿ.

[ದೃಶ್ಯ: ಎರಡು ಕೋವಿಗಳು ಪಕ್ಕ ಪಕ್ಕ, ಗ್ರಾಫಿಕ್ಸ್.]

ಯಾವ ಕೋವಿ ಆರಿಸಿಕೊಳ್ಳಬೇಕು? ಒಂದೇ ಅಂದರೆ ಎಕೆ. ಎರಡು ಅಂದರೆ ಎಕೆ ಮತ್ತು ಎಂ16, ಯಾಕಂದ್ರೆ ಇದೇ ನೆಲದಲ್ಲಿ ಇವೆರಡೂ ಎದುರಾಳಿಗಳಾಗಿದ್ದವು. ಸುರಂಗದವರ ಕೈಯಲ್ಲಿ ಎಕೆ, ಎಷ್ಟೋ ಸಲ ಅದರ ಚೀನೀ ನಕಲು ಟೈಪ್ 56. ಅಮೆರಿಕನ್ನರ ಕೈಯಲ್ಲಿ ಎಂ16. ಕಾಗದದ ಮೇಲೆ ಎಂ16 ಹಗುರ, ಗುಂಡು ಇನ್ನೂ ವೇಗ. ಆದರೆ ಮೊದಲ ವರ್ಷಗಳಲ್ಲಿ ಅದು ಯುದ್ಧದ ನಡುವೆಯೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮದ್ದಿನ ಪುಡಿ ಬದಲಾಯಿಸಿದ್ದರು, ಒಳಗೆ ತುಕ್ಕು ಹಿಡಿಯದ ಹಾಗೆ ಕ್ರೋಮ್ ಲೇಪ ಇರಲಿಲ್ಲ, ಸಾಲದ್ದಕ್ಕೆ ಇದನ್ನು ಅಷ್ಟಾಗಿ ಕ್ಲೀನ್ ಮಾಡಬೇಕಿಲ್ಲ ಅಂತ ಸೈನಿಕರನ್ನು ನಂಬಿಸಿ ಕ್ಲೀನಿಂಗ್ ಕಿಟ್ ಕೂಡ ಸರಿಯಾಗಿ ಕೊಡಲಿಲ್ಲ. ವಿಯೆಟ್ನಾಂ ಮಳೆ ಕೆಸರಿನಲ್ಲಿ! ಎಕೆಯ ಒಳಗೆ ಬಿಡಿಭಾಗಗಳ ನಡುವೆ ಸಡಿಲ ಜಾಸ್ತಿ, ಸ್ವಲ್ಪ ಮಣ್ಣು ಹೊಕ್ಕರೂ ನಡೆಯುತ್ತದೆ.

[ದೃಶ್ಯ: ಸುರಂಗದ ಒಳಗೆ ತೆವಳುವುದು. ಉಸಿರಿನ ಸದ್ದು.]

ಪ್ರವಾಸಿಗರಿಗಾಗಿ ಸುರಂಗಗಳನ್ನು ಅಗಲ ಮಾಡಿದ್ದಾರೆ. ಆದರೂ ನನ್ನ ಭುಜ ಎರಡೂ ಕಡೆ ಉಜ್ಜುತ್ತಿತ್ತು. ಒಟ್ಟು 200 ಕಿಲೋಮೀಟರಿಗೂ ಹೆಚ್ಚು ಉದ್ದದ ಜಾಲ, ಮೊದಲು ಅಗೆದದ್ದು ಫ್ರೆಂಚರ ವಿರುದ್ಧದ ಹೋರಾಟದಲ್ಲಿ. ಇದರೊಳಗೆ ಇಳಿಯಲು ಅಮೆರಿಕನ್ ಪಡೆ ಸಣ್ಣ ಮೈಕಟ್ಟಿನ ಸ್ವಯಂಸೇವಕರನ್ನು ಆರಿಸುತ್ತಿತ್ತು. ಕೈಯಲ್ಲಿ ಒಂದು ಟಾರ್ಚ್, ಒಂದು ಪಿಸ್ತೂಲು. ಅವರಲ್ಲಿ ಹಲವರಿಗೆ ಸೈನ್ಯದ ದಪ್ಪ ಗುಂಡಿನ .45 ಪಿಸ್ತೂಲು ಬೇಡವಾಗಿತ್ತು. ಈ ಮಣ್ಣಿನ ಕೊಳವೆಯೊಳಗೆ ಅದನ್ನು ಹಾರಿಸಿದರೆ ಹಾರಿಸಿದವನ ಕಿವಿಯೇ ಹೋಗುತ್ತಿತ್ತು, ಈ ಕತ್ತಲಲ್ಲಿ ಅವನಿಗೆ ಉಳಿದದ್ದು ಕಿವಿಯೊಂದೇ.

ನಾನು ಒಳಗೆ ಮೊಣಕೈ ಊರಿಕೊಂಡು ಹೋಗುತ್ತಿದ್ದಾಗ ಮೇಲೆ ರೇಂಜಿನಲ್ಲಿ ಯಾರೋ ಹೊಡೆದರು. ನೆಲದೊಳಗಿಂದ ಅದು ಬೇರೆಯದೇ ಸದ್ದು, ದೂರದಲ್ಲಿ ಯಾರೋ ಬಾಗಿಲು ಬಡಿದ ಹಾಗೆ ದಪ್ಪಗೆ. ಇಷ್ಟು ಜನ ಸತ್ತ ಜಾಗದಲ್ಲಿ ಪ್ರವಾಸಿಗರು ಮೋಜಿಗೆ ಗುಂಡು ಹೊಡೆಯುವುದು ಸರಿಯಾ ಅಂತ ಕೆಲವರು ಕೇಳುತ್ತಾರೆ. ನನಗೂ ಮುಜುಗರ ಆಯಿತು, ಸುಳ್ಳು ಹೇಳುವುದಿಲ್ಲ. ಅದರಲ್ಲೂ ಪಕ್ಕದವರು ಗುಂಡು ಹಾರಿಸಿ ಚಪ್ಪಾಳೆ ತಟ್ಟಿದಾಗ. ಆದರೆ ಈ ರೇಂಜ್ ನಡೆಸುತ್ತಿರುವವರು ಇಲ್ಲಿನವರೇ, ಟಿಕೆಟ್ ಹರಿಯುತ್ತಿರುವವರೂ ಅವರೇ. ಅವರಿಗಿಲ್ಲದ ಮಡಿ ನನಗೆ ಯಾಕೆ ಅನ್ನಿಸಿತು. ಈಗಲೂ ಒಂದು ದಿನ ಹಾಗೆ, ಒಂದು ದಿನ ಹೀಗೆ ಅನ್ನಿಸುತ್ತದೆ.

[ದೃಶ್ಯ: ಸ್ಮರಣಿಕೆ ಅಂಗಡಿ.]

ವಾಪಸ್ ಬರುವಾಗ ಒಂದು ಎಚ್ಚರಿಕೆ. ಅಂಗಡಿಗಳಲ್ಲಿ ಗುಂಡಿನ ಕೀಚೈನ್, ತೋಟಾದಿಂದ ಮಾಡಿದ ಲೈಟರ್ ಮಾರುತ್ತಾರೆ. ಚೆಂದ ಕಾಣುತ್ತವೆ. ಕೊಳ್ಳಬೇಡಿ. ನೆಲದಲ್ಲಿ ಬಿದ್ದ ಖಾಲಿ ತೋಟಾವನ್ನೂ ನೆನಪಿಗೆ ಅಂತ ಜೇಬಿಗೆ ಹಾಕಬೇಡಿ. ಏರ್‌ಪೋರ್ಟ್ ಸ್ಕ್ಯಾನರ್‌ನಲ್ಲಿ ಅದು ಗುಂಡಿನ ಹಾಗೇ ಕಾಣುತ್ತದೆ, ಕಿತ್ತಿಟ್ಟುಕೊಂಡರೆ ನಿಮ್ಮ ಪುಣ್ಯ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ಇಟ್ಟುಕೊಳ್ಳುವುದು ಅಪರಾಧ, ಬ್ಯಾಗಿನ ಮೂಲೆಯಲ್ಲಿ ಒಂದೇ ಒಂದು ಗುಂಡು ಸಿಕ್ಕಿ ಫ್ಲೈಟ್ ಬಿಟ್ಟು ಪೊಲೀಸ್ ಠಾಣೆಯಲ್ಲಿ ಕುಳಿತವರಿದ್ದಾರೆ. ರೇಂಜಿನಿಂದ ಹೊರಗೆ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ. ಕೈಗೆ ಸೀಸದ ಪುಡಿ ಅಂಟಿರುತ್ತದೆ, ಮುಂದೆ ಕ್ಯಾಂಟೀನಿನಲ್ಲಿ ಅದೇ ಕೈಯಲ್ಲಿ ಬೇಯಿಸಿದ ಮರಗೆಣಸು ತಿನ್ನುತ್ತೀರಿ. ಕಡಲೆಕಾಯಿ ಪುಡಿ ಉಪ್ಪು ಹಚ್ಚಿಕೊಂಡು ತಿನ್ನುವುದು, ಸುರಂಗದವರ ಊಟ ಅದೇ ಆಗಿತ್ತು. ನಮ್ಮ ಮಲೆನಾಡಿನವರಿಗೆ ಹೊಸದೇನಲ್ಲ. ಅದೇ ದಿನ ಫ್ಲೈಟ್ ಇದ್ದರೆ ಬಟ್ಟೆಯನ್ನೂ ಬದಲಾಯಿಸಿ, ಮದ್ದಿನ ಅಂಶ ಏರ್‌ಪೋರ್ಟ್ ತಪಾಸಣೆಯಲ್ಲಿ ಸಿಕ್ಕಿಬೀಳಬಹುದು.

ವಿಯೆಟ್ನಾಂವರೆಗೆ ಹೋಗಲಾಗದವರು ಬೆಂಗಳೂರಿನಲ್ಲೇ 10 ಮೀಟರ್ ಏರ್ ಪಿಸ್ತೂಲ್ ರೇಂಜ್ ನೋಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಆಟ ಅದು. ಶಕ್ತಿಯಲ್ಲಿ ಹೋಲಿಕೆಯೇ ಇಲ್ಲ. ನಮ್ಮಲ್ಲಿ ಲೈಸೆನ್ಸ್ ಬೇಡದ ಏರ್‌ಗನ್‌ಗೆ 20 ಜೂಲ್ ಮಿತಿ, ಎಕೆಯ ಗುಂಡಿಗೆ ಸುಮಾರು 2,000 ಜೂಲ್. ಆದರೆ ಗುರಿ ಹಿಡಿಯುವುದನ್ನು ಕಲಿಯುವುದು ಅಲ್ಲಿಯೇ.

[ದೃಶ್ಯ: ಗೆಳೆಯ ರೇಂಜಿನಲ್ಲಿ, ಹಿಂದಿನಿಂದ.]

ಹಾಂ, ಗೆಳೆಯ. ನಕ್ಕವನು ಕೊನೆಗೆ ನನ್ನ ಹತ್ತರಲ್ಲಿ ಎರಡು ಗುಂಡು ಕೇಳಿ ತೆಗೆದುಕೊಂಡ. ಯಾಕೆ ಎರಡೇ ಅಂತ ಕೇಳಿದ್ದಕ್ಕೆ ಉತ್ತರ ಹೇಳಲಿಲ್ಲ, ಮಫ್ ಸರಿಮಾಡಿಕೊಂಡ. ಆ ಕ್ಲಿಪ್ ಈಗ ಹಾಕುತ್ತೇನೆ, ಸೌಂಡ್ ಎಡಿಟ್ ಮಾಡಿಲ್ಲ. ಇಯರ್‌ಫೋನ್ ಹಾಕಿಕೊಂಡಿದ್ದರೆ ಈಗಲೇ ಕಡಿಮೆ ಮಾಡಿಕೊಳ್ಳಿ.

[ಒಂದು ಈಡು. ನಾಲ್ಕು ಸೆಕೆಂಡ್ ಬಿಟ್ಟು ಇನ್ನೊಂದು. ಹಿಂದೆ ಜೀರುಂಡೆ. ಪರದೆ ಕಪ್ಪು.]