ನಂಜು ಇಳಿಸುವ ಮಾತು

ಕೇಳುಗರೆಲ್ಲರಿಗೆ ನಮಸ್ಕಾರ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅಡಿಕೆ ಸುಲಿಯುತ್ತ ಕುಳಿತವರ ಕಿವಿಗೂ ‘ಡಿಟಾಕ್ಸ್’ ಎಂಬ ಶಬ್ದ ಈಗಾಗಲೇ ಬಿದ್ದಿರುತ್ತದೆ. ಹಸಿರು ರಸದ ಬಾಟಲಿಯ ಮೇಲೂ ಅದೇ, ಚಹಾದ ಪೊಟ್ಟಣದ ಮೇಲೂ ಅದೇ. ದೇಹದ ವಿಷ ತೆಗೆಯುತ್ತದೆಯಂತೆ. ಯಾವ ವಿಷ? ಅದೊಂದನ್ನು ಮಾತ್ರ ಬರೆದಿರುವುದಿಲ್ಲ.

ಗ್ರೀಕ್ ಭಾಷೆಯಲ್ಲಿ ‘ಟಾಕ್ಸಾನ್’ ಎಂದರೆ ಬಿಲ್ಲು. ಬಾಣದ ಮೊನೆಗೆ ಸವರುವ ವಿಷವನ್ನು ಅವರು ‘ಟಾಕ್ಸಿಕಾನ್ ಫಾರ್ಮಕಾನ್’, ಅಂದರೆ ಬಿಲ್ಲಿನ ಮದ್ದು, ಎಂದು ಕರೆದರು. ಲ್ಯಾಟಿನಿಗೆ ಬರುವಷ್ಟರಲ್ಲಿ ಮದ್ದು ಉದುರಿಹೋಗಿ, ಉಳಿದ ಬಿಲ್ಲೇ ವಿಷ ಎನಿಸಿಕೊಂಡಿತು. ಅದರ ಮುಂದೆ ತೆಗೆದುಹಾಕು ಎಂಬರ್ಥದ ‘ಡಿ’ ಸೇರಿದ್ದು ಆಮೇಲೆ. ಕುಡಿತ ಬಿಡಿಸುವ ಚಿಕಿತ್ಸೆಗೂ ಇದೇ ಹೆಸರಿದೆ. ಅಲ್ಲಿ ವಿಷ ಯಾವುದೆಂದು ರೋಗಿಗೂ ಗೊತ್ತು, ವೈದ್ಯರಿಗೂ ಗೊತ್ತು.

ಗ್ರೀಕರ ‘ಫಾರ್ಮಕಾನ್’ ಔಷಧವೂ ಹೌದು, ವಿಷವೂ ಹೌದು. ನಮ್ಮ ಮದ್ದೂ ಹಾಗೆಯೇ: ಜ್ವರಕ್ಕೆ ಕುಡಿಯುವುದೂ ಮದ್ದು, ಊಟದಲ್ಲಿ ಯಾರೋ ಹಾಕಿದರೆಂದು ಸಂಶಯಪಡುವ ಕೈಮದ್ದೂ ಮದ್ದು, ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬಿಡುವುದೂ ಮದ್ದೇ.

ಆ ಮೂರನೆಯದರ ಬಗ್ಗೆ ತುಸು ಹೇಳಲೇಬೇಕು. ನನ್ನ ಅಜ್ಜ ಕೊಳೆರೋಗದ ಮದ್ದು ಮಾಡುತ್ತಿದ್ದ ದಿನ ಅಂಗಳದಲ್ಲಿ ನಮಗೆ ಪ್ರವೇಶವಿರಲಿಲ್ಲ, ಜಗಲಿಯಿಂದಲೇ ನೋಡಬೇಕು. ನೂರು ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ದು, ಕೋಲಿನಿಂದ ತಿರುಗಿಸುತ್ತಿದ್ದರು. ತಿಳಿ ನೀಲಿಯ ದ್ರಾವಣ ಸಿದ್ಧವಾದ ಮೇಲೆ ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಬಿಸಿಲಿಗೆ ಹಿಡಿದು ನೋಡುವರು. ಅಲಗಿಗೆ ಕೆಂಪು ಹತ್ತಿದ್ದರೆ “ತುತ್ತಿನ ನಂಜು ಇಳಿಯಲಿಲ್ಲ, ಇನ್ನೊಂದು ಚಿಪ್ಪು ಸುಣ್ಣ ತಾ” ಎನ್ನುವರು. ಹಾಗೆಯೇ ಬಿಟ್ಟರೆ ಎಳೆಯ ಗೊನೆ ಸುಟ್ಟುಹೋಗುತ್ತದೆ. ಅವರಿಗೆ ನಂಜಿನ ಹೆಸರು ಗೊತ್ತಿತ್ತು, ಅದನ್ನು ಇಳಿಸುವ ವಸ್ತು ಗೊತ್ತಿತ್ತು, ಇಳಿಯಿತೇ ಎಂದು ನೋಡುವ ಉಪಾಯವೂ ಗೊತ್ತಿತ್ತು. ಬಾಟಲಿ ಮಾರುವವರು ಈ ಮೂರರಲ್ಲಿ ಒಂದನ್ನಾದರೂ ಹೇಳಲಿ!

ಅಜ್ಜ ಅಂದ ‘ಇಳಿಯುವುದು’ ಎಂಬ ಮಾತನ್ನೂ ಗಮನಿಸಿ. ಸಂಸ್ಕೃತದ ‘ವಿಷ’ ವ್ಯಾಪಿಸುವುದು ಎಂಬರ್ಥದ ಧಾತುವಿನಿಂದ ಬಂದದ್ದು, ‘ನಿರ್ವಿಷ’ ಎಂದರೆ ವಿಷವಿಲ್ಲದ್ದು. ಕನ್ನಡದಲ್ಲಾದರೋ ವಿಷ ಏರುತ್ತದೆ, ಇಳಿಯುತ್ತದೆ, ಜ್ವರದಂತೆ, ಅಮಲಿನಂತೆ. ಗಾಯವಾದಾಗ ಬದನೆ ತಿನ್ನಬೇಡ, ನಂಜು ಎನ್ನುವ ಅಜ್ಜಿಯ ನಂಜು ಬೇರೆ, ಹಾವಿನ ನಂಜು ಬೇರೆ. ಎರಡಕ್ಕೂ ಒಂದೇ ರಸ ಕುಡಿಸಲಾಗದು. ಹಾವು ಕಚ್ಚಿದರಂತೂ ನೇರ ಆಸ್ಪತ್ರೆಗೇ ಹೋಗಬೇಕು.

ದೇಹದೊಳಗೆ ನಂಜು ಇಳಿಸುವ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಹಗಲಿರುಳು ಮಾಡುತ್ತಿವೆ. ಆಯುರ್ವೇದದ ಎಂಟು ಅಂಗಗಳಲ್ಲಿ ವಿಷಚಿಕಿತ್ಸೆಗೇ ಮೀಸಲಾದ ಅಗದತಂತ್ರವನ್ನೂ ವಿವರಿಸಬೇಕೆಂದಿದ್ದೆ, ಆದರೆ ನನ್ನ ಸಮಯವನ್ನೆಲ್ಲ ಅಜ್ಜನ ಸುಣ್ಣವೇ ನುಂಗಿತು. ನಮಸ್ಕಾರ.