ಗಾಳಿ ತೂರಿದ ಮಣ್ಣು: ಅರಬ್ಬೀ ಸಮುದ್ರದ ತಳದಲ್ಲಿ ಹಳೆಯ ಮುಂಗಾರಿನ ಲೆಕ್ಕ

[ದೃಶ್ಯ: ಸಂಡೂರು ರಸ್ತೆ, ಅದಿರಿನ ಲಾರಿಗಳ ಸಾಲು. ಪಕ್ಕದ ಬೇವಿನ ಎಲೆ ತೀರಾ ಹತ್ತಿರದಿಂದ.]

ಈ ಬೇವಿನ ಎಲೆ ನೋಡ್ರಿ. ಹಸಿರಾಗಿರಬೇಕಿತ್ತು, ಕೆಂಪಗಿದೆ. ಬೆರಳಿಗೆ ಹತ್ತೋದು ಹೆಮಟೈಟ್, ನಮ್ಮ ಸಂಡೂರು ಗುಡ್ಡದ ಕಬ್ಬಿಣದ ಅದಿರಿನ ಪುಡಿ. ರಸ್ತೆ ಬಿಟ್ಟು ಹೊಲದೊಳಗೆ ನಡೆದ ಹಾಗೆ ಕೆಂಪು ತೆಳುವಾಗುತ್ತೆ, ಪುಡಿ ನುಣ್ಣಗಾಗುತ್ತೆ. ಈ ಧೂಳು ಯಾವ ಕಡೆಯಿಂದ ಬಂತು ಅಂತ ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸಮುದ್ರದ ತಳದ ಮಣ್ಣಲ್ಲೂ ಇದೇ ಗುರುತು ಹುಡುಕಿ, ಸಾವಿರಾರು ವರ್ಷದ ಹಿಂದೆ ಮುಂಗಾರು ಗಾಳಿ ಎಷ್ಟು ಜೋರಿತ್ತು ಅಂತ ವಿಜ್ಞಾನಿಗಳು ಅಂದಾಜು ಮಾಡ್ತಾರೆ. ಮಳೆ ನಂಬಿ ಬದುಕೋ ಸೀಮೆಯವರು ನಾವು. ಅದಕ್ಕೇ ಈ ವಿಷಯ ನಮ್ಮದು ಅಂತ ನನಗೆ ಅನ್ನಿಸೋದು.

[ದೃಶ್ಯ: ಕಣ. ಮೊರದಿಂದ ಜೋಳ ತೂರುತ್ತಿರುವ ಕೈಗಳು.]

ನಮ್ಮಜ್ಜ ಜೋಳದ ರಾಶಿ ಮಾಡುವಾಗ ಮೊರ ಎತ್ತಿ ಹಿಡಿದು ಕಾಯ್ತಿದ್ದ. "ಗಾಳಿ ಮಂದ ಐತಿ, ತಡಿ" ಅಂತಿದ್ದ. ಗಾಳಿ ಬಂತೋ, ಕಾಳು ಕಾಲ ಬುಡಕ್ಕೆ, ಜೊಳ್ಳು ಸ್ವಲ್ಪ ಆಚೆ, ಹೊಟ್ಟು ಇನ್ನೂ ದೂರ. ಮರುದಿನ ಕಣಕ್ಕೆ ಬಂದವನೂ ಜೊಳ್ಳು ಎಲ್ಲಿತನಕ ಹೋಗಿದೆ ಅಂತ ನೋಡಿ ನಿನ್ನೆಯ ಗಾಳಿಯನ್ನ ಹೇಳಬಹುದು. ಬೇಸಿಗೆಯಲ್ಲಿ ಅರೇಬಿಯಾದ ಮರುಭೂಮಿಯಿಂದ ಎದ್ದ ಧೂಳನ್ನೂ ಗಾಳಿ ಹೀಗೇ ಸಮುದ್ರದ ಮೇಲೆ ತೂರುತ್ತೆ. ದಡದಿಂದ ಅಷ್ಟು ದೂರದ ಒಂದೇ ಜಾಗದಲ್ಲಿ ಧೂಳಿನ ದಪ್ಪ ಕಣ ಬಿದ್ದಿದೆ ಅಂದ್ರೆ ಆ ಕಾಲದ ಗಾಳಿ ಜೋರಿತ್ತು. ಸಣ್ಣದೇ ಬಿದ್ದಿದ್ದರೆ ಮಂದ.

ಒಂದು ತೊಡಕಿದೆ. ಸಮುದ್ರಕ್ಕೆ ಮಣ್ಣು ತರೋದು ಗಾಳಿ ಮಾತ್ರ ಅಲ್ಲ, ನದಿಯೂ ತರುತ್ತೆ. ಹೂಳಿನ ಸಂಗತಿ ನಮಗೆ ಹೊಸದಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡೀತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಅರಬ್ಬೀ ಸಮುದ್ರಕ್ಕೆ ಸಿಂಧೂ ನದಿ ಹೊತ್ತು ಹಾಕಿರೋ ಹೂಳಿನ ಮುಂದೆ ಅದು ಏನೂ ಅಲ್ಲ. ಆ ಹೂಳಿನಲ್ಲಿ ಗಾಳಿಯ ಧೂಳನ್ನ ಹುಡುಕೋದು ಹೇಗೆ?

[ದೃಶ್ಯ: ನಕ್ಷೆ. ಒಮಾನ್ ಕರಾವಳಿ, ಅದರಾಚೆ ಓವನ್ ದಿಬ್ಬ.]

ದಿಬ್ಬ ಹತ್ತಬೇಕು! ಒಮಾನಿನ ಆಚೆ ಸಮುದ್ರದೊಳಗೆ ಓವನ್ ಅನ್ನೋ ಉದ್ದನೆಯ ಏರು ಇದೆ. ತಳದಲ್ಲಿ ಹರಿದು ಬರೋ ನದಿಯ ಹೂಳು ಅದರ ನೆತ್ತಿಗೆ ಹತ್ತೋದಿಲ್ಲ. 1987ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಅನ್ನೋ ಹಡಗು ಅಲ್ಲಿ ಸುಮಾರು 2,000 ಮೀಟರ್ ನೀರಿನ ಕೆಳಗೆ ಕೊಳವೆ ಇಳಿಸಿ ಮಣ್ಣಿನ ಕಂಬಗಳನ್ನ ಎತ್ತಿತು. ಅಲ್ಲಿ ಸಾವಿರ ವರ್ಷಕ್ಕೆ ಕೂರೋದು ಕೆಲವೇ ಸೆಂಟಿಮೀಟರ್ ಮಣ್ಣು.

ಆ ಮಣ್ಣಲ್ಲೂ ಹೆಚ್ಚು ಪಾಲು ಸೂಕ್ಷ್ಮಜೀವಿಗಳ ಚಿಪ್ಪು. ಸುಣ್ಣದ ಚಿಪ್ಪನ್ನ ಆಮ್ಲದಲ್ಲಿ, ಗಾಜಿನಂಥ ಸಿಲಿಕಾ ಚಿಪ್ಪನ್ನ ಬಿಸಿ ಸೋಡಾ ದ್ರಾವಣದಲ್ಲಿ ಕರಗಿಸ್ತಾರೆ. ಕೊನೆಗೆ ಉಳಿಯೋದು ನೆಲದಿಂದ ಹಾರಿ ಬಂದ ಖನಿಜ. ಅದು ಯಾವ ಊರಿನ ಮಣ್ಣು ಅಂತ ಸ್ಟ್ರಾನ್ಷಿಯಂ, ನಿಯೋಡಿಮಿಯಂ ಅನ್ನೋ ಧಾತುಗಳ ಐಸೋಟೋಪುಗಳು, ಅಂದ್ರೆ ಒಂದೇ ಧಾತುವಿನ ತೂಕ ಬೇರೆಯಿರೋ ಪರಮಾಣುಗಳು, ಯಾವ ಅನುಪಾತದಲ್ಲಿವೆ ಅನ್ನೋದು ಹೇಳುತ್ತೆ. ಹಂಪಿ ಸುತ್ತಲಿನ ಸುಮಾರು 250 ಕೋಟಿ ವರ್ಷದ ಗ್ರಾನೈಟಿಗೂ ಸುಮಾರು 6.6 ಕೋಟಿ ವರ್ಷದ ದಖ್ಖನ್ ಬಸಾಲ್ಟಿಗೂ ಈ ಅನುಪಾತ ಬೇರೆ ಬೇರೆ. ಕಲ್ಲು ಪುಡಿಯಾಗಿ ಧೂಳಾದರೂ ಆ ಗುರುತು ಅಳಿಯಲ್ಲ.

ನನಗೆ ಬಹಳ ಹಿಡಿಸಿದ್ದು ಮುಂದಿನ ಮಾತು. ಧೂಳಿನ ಕಣದ ಗಾತ್ರ ಗಾಳಿಯ ಬಿರುಸು ಹೇಳಿದರೆ, ಧೂಳಿನ ಒಟ್ಟು ಪ್ರಮಾಣ ಮರುಭೂಮಿ ಎಷ್ಟು ಒಣಗಿತ್ತು ಅಂತ ಹೇಳುತ್ತೆ. ಎರಡೂ ಒಟ್ಟಿಗೇ ಏರಿಳಿಯಬೇಕಿಲ್ಲ. ಹಿಮಯುಗದಲ್ಲಿ ಅರೇಬಿಯಾ ಒಣಗಿ ಧೂಳು ಹೆಚ್ಚಾಯಿತು, ಮುಂಗಾರು ಗಾಳಿ ಮಾತ್ರ ದುರ್ಬಲವಾಗಿತ್ತು. ಬರೀ ರಾಶಿ ತೂಗಿ "ಧೂಳು ಜಾಸ್ತಿ, ಹಾಗಾದ್ರೆ ಗಾಳಿ ಜೋರು" ಅಂದಿದ್ದರೆ ಪೂರ್ತಿ ತಪ್ಪಾಗ್ತಿತ್ತು.

[ದೃಶ್ಯ: ತಿರುಗುತ್ತಿರುವ ಬುಗುರಿ.]

ಭೂಮಿ ಬುಗುರಿ ಹಾಗೆ ಓಲಾಡುತ್ತೆ. ಅದರಿಂದ ಭೂಮಿ ಸೂರ್ಯನಿಗೆ ಹತ್ತಿರ ಬರೋ ಕಾಲ ನಿಧಾನಕ್ಕೆ ಬದಲಾಗುತ್ತೆ. ಸುಮಾರು 10,000 ವರ್ಷದ ಹಿಂದೆ ನಮ್ಮ ಉತ್ತರಾರ್ಧ ಗೋಳದ ಬೇಸಿಗೆಯಲ್ಲಿ ಸೂರ್ಯ ಹತ್ತಿರ ಇದ್ದ. ಈಗ ಹತ್ತಿರ ಬರೋದು ಜನವರಿಯಲ್ಲಿ. ಆಗ ನೆಲ ಹೆಚ್ಚು ಕಾದು ಮುಂಗಾರು ಬಲವಾಯಿತು. ಇವತ್ತು ಬರೀ ಮರಳಿರೋ ಅರೇಬಿಯಾದಲ್ಲಿ ಕೆರೆಗಳಿದ್ದವು, ಸಹಾರಾದಲ್ಲಿ ಹುಲ್ಲಿತ್ತು. ಸಹಾರಾದ ಪಡುವಣ ಅಂಚಿನ ಮಾರಿಟೇನಿಯಾ ದೇಶದ ಕರಾವಳಿಯಾಚೆ ಎತ್ತಿದ ಮಣ್ಣಿನ ಕಂಬದಲ್ಲಿ ಸುಮಾರು 5,500 ವರ್ಷದ ಹಿಂದೆ ಧೂಳು ಒಮ್ಮೆಲೇ ಏರುತ್ತೆ. ಆ ಹುಲ್ಲುಗಾವಲು ಮುಗಿದದ್ದು ಆಗ. ಅದಾಗಿ ಕೆಲವು ಶತಮಾನಕ್ಕೆ ನಮ್ಮ ಕುಡತಿನಿ ಕಡೆ ದನಗಾಹಿಗಳು ಸಗಣಿ ಸುಟ್ಟು ಬೂದಿದಿಬ್ಬ ಎಬ್ಬಿಸೋಕೆ ಶುರು ಮಾಡಿದರು. ಒಂದರಿಂದ ಇನ್ನೊಂದಾಯಿತು ಅಂತಲ್ಲ, ಕಾಲದ ಅಳತೆ ಕಣ್ಣಿಗೆ ಕಟ್ಟಲಿ ಅಂತ ಹೇಳಿದೆ.

[ದೃಶ್ಯ: ಮೋಡ ಕವಿದ ಎರೆಹೊಲ.]

ಮೃಗಶಿರಾ ಮಳೆಗೆ ಕಾದು ನಾವು ಪಡುವಣ ನೋಡ್ತಾ ನಿಲ್ಲೋ ಹೊತ್ತಲ್ಲೇ ಅರೇಬಿಯಾದ ಧೂಳು ಕಡಲಿಗೆ ಬೀಳ್ತಿರುತ್ತೆ. ಸತ್ತ ಜೀವಿಗಳ ಚೂರಿಗೆ ಅಂಟಿಕೊಂಡ ಕಣಗಳು ಕೆಲವೇ ವಾರದಲ್ಲಿ ತಳ ಸೇರ್ತವೆ. ಈ ವರ್ಷದ ಗಾಳಿಯೂ ಅಲ್ಲಿ ಕೂತಿರುತ್ತೆ, ಹೋದ ವರ್ಷದ ಮೇಲೆ, ಕೂದಲೆಳೆಗಿಂತ ತೆಳ್ಳಗೆ.